ಕಯೋಟಿಗೆ ಹಾಕಿದ ಮೊದಲ ರೊಟ್ಟಿ

ಹೋದ ಶನಿವಾರ ಗರಾಜ್ ಕ್ಲೀನ್ ಮಾಡುತ್ತಿದ್ದಾಗ ಒಂದು ಇಂಗಿನ ಡಬ್ಬಿ ಸಿಕ್ಕಿತು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನ ಈ ಮನೆಗೆ ಬಂದು ಎಂಟು ವರ್ಷವಾದರೂ ಬಿಚ್ಚದೇ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯ ತಳದಲ್ಲಿ, ಮಗಳು ಒಂದನೇ ಕ್ಲಾಸಿನಲ್ಲಿ ಬರೆದ ಚಿತ್ರಗಳ ಕೆಳಗೆ ಅದು ಬಿದ್ದಿತ್ತು. ತಗಡಿನ ಡಬ್ಬಿ. ಮುಚ್ಚಳಕ್ಕೆ ಸುತ್ತಿದ ಟೇಪು ಹಳದಿಗಟ್ಟಿತ್ತು. ಎತ್ತಿಕೊಂಡ ಕೂಡಲೇ ಒಳಗಿನ ಕಲ್ಲುಗಳು ಗಲಗಲ ಎಂದವು. ಮೂಗಿನ ಹತ್ತಿರ ಹಿಡಿದೆ. ಹನ್ನೊಂದು ವರ್ಷ ಕಲ್ಲು ತುಂಬಿಕೊಂಡು ಕೂತಿದ್ದರೂ ಇಂಗಿನ ವಾಸನೆ ಹೋಗಿರಲಿಲ್ಲ...

ಆ ಡಬ್ಬಿ ನಮ್ಮ ಪಕ್ಕದ ಮನೆಯ ಆಂಟಿಯದು. ಆಗ ನಾವು ಡ್ಯಾಲಸ್ಸಿನ ಉತ್ತರಕ್ಕೆ, ಪ್ರಾಸ್ಪರ್‌ನಲ್ಲಿ ಇದ್ದೆವು. ಹೊಸ ಬಡಾವಣೆ. ಅರ್ಧ ಮನೆಗಳಿಗೆ ಇನ್ನೂ ಬಣ್ಣದ ವಾಸನೆ, ಇನ್ನರ್ಧಕ್ಕೆ ಗೋಡೆಯೇ ಎದ್ದಿರಲಿಲ್ಲ. ನಮ್ಮ ಸಾಲಿನ ಹಿತ್ತಿಲುಗಳಿಗೆ ಕರಿ ಕಬ್ಬಿಣದ ಸರಳುಗಳ ಬೇಲಿ, ಬೇಲಿಯಾಚೆ ಒಂದು ಸಣ್ಣ ತೊರೆ, ಅದರ ಅಂಚಿಗೆ ಮೊಣಕಾಲೆತ್ತರದ ಹುಲ್ಲು. ಮನೆ ಮಾರಿದವರು ಆ ತೊರೆಯನ್ನು ತೋರಿಸಿ ತೋರಿಸಿಯೇ ನಮ್ಮನ್ನು ಒಪ್ಪಿಸಿದ್ದರು. ಹಿಂದೆ ಯಾರೂ ಮನೆ ಕಟ್ಟುವುದಿಲ್ಲ, ಪ್ರಕೃತಿ ನಿಮ್ಮದೇ ಎಂದಿದ್ದರು. ಪ್ರಕೃತಿಯಲ್ಲಿ ಯಾರ‍್ಯಾರು ವಾಸವಿದ್ದಾರೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಂಟಿ ರಾಣೆಬೆನ್ನೂರಿನವರು. ಅಂಕಲ್ ಪಕ್ಕದೂರು ಫ್ರಿಸ್ಕೋದಲ್ಲಿ ಇಂಡಿಯನ್ ಗ್ರೋಸರಿ ಅಂಗಡಿ ನಡೆಸುತ್ತಿದ್ದರು. ನಾನು ಮೈಸೂರಿನವಳು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಸಾಫ್ಟ್‌ವೇರ್‌ನವಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮೊದಲ ದಿನದಿಂದಲೇ ನಾನು ಆಂಟಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆ ಎಂಬ ಲೆಕ್ಕದಲ್ಲೇ ಇದ್ದೆ. ಆ ಮೆಟ್ಟಿಲು ಎಲ್ಲಿತ್ತೋ, ಈಗ ಹುಡುಕಿದರೂ ಸಿಗುವುದಿಲ್ಲ.

ಅವರು ಏನು ನೆಟ್ಟರೂ ಬರುತ್ತಿತ್ತು. ಟೆಕ್ಸಸ್ಸಿನ ಜೇಡಿಮಣ್ಣಿನಲ್ಲಿ, ಆ ಸುಡುಬಿಸಿಲಿನಲ್ಲಿ, ನನ್ನ ಕರಿಬೇವು ಎರಡು ಸಲ ಸತ್ತಿತು. ಅವರ ಹೀರೆಬಳ್ಳಿ ಬೇಲಿಯುದ್ದಕ್ಕೂ ಹಬ್ಬಿ, ನಮ್ಮ ಕಡೆಗೂ ಇಣುಕಿ, ಕಾಯಿ ಬಿಟ್ಟಿತು. ನಮ್ಮ ಕಡೆ ಬಿಟ್ಟ ಕಾಯಿಗಳನ್ನು ಕಿತ್ತುಕೊಳ್ಳಿ ಎಂದು ಅವರೇ ಹೇಳುತ್ತಿದ್ದರು. ನಾನು ಕಿತ್ತು ಬೋಂಡಾ ಮಾಡುತ್ತಿದ್ದೆ, ತಿನ್ನುವಾಗ ಹೊಟ್ಟೆ ಉರಿಯುತ್ತಿತ್ತು. ಎದುರುಮನೆಯ ಬಿಳಿಯ ಮುದುಕನೊಂದಿಗೆ ಆಂಟಿ ಕನ್ನಡದಲ್ಲೇ ಮಾತಾಡುತ್ತಿದ್ದರು. ನಡುವೆ ನಾಲ್ಕು ಇಂಗ್ಲಿಷ್ ಪದ ಹಾಕಿದರೆ ಆಯಿತು. ಆತ ನಕ್ಕು ತಲೆಯಾಡಿಸಿ, ಅವರ ಮನೆಯ ಮುಂದಿನ ಹುಲ್ಲನ್ನೂ ಕತ್ತರಿಸಿ ಹೋಗುತ್ತಿದ್ದ. ನನ್ನೊಂದಿಗೆ ಎರಡು ವರ್ಷವಾದರೂ ಅವನ ಮಾತು ಹವಾಮಾನ ಬಿಟ್ಟು ಮುಂದೆ ಹೋಗಿರಲಿಲ್ಲ.

ಇವೆಲ್ಲ ಸಣ್ಣ ಹೊಟ್ಟೆಕಿಚ್ಚುಗಳು, ನೆರೆಹೊರೆ ಎಂದಮೇಲೆ ಇರುವಂಥವು. ದೊಡ್ಡದು ನನ್ನ ಮಗಳಿಂದ ಶುರುವಾಯಿತು.

ಮಗಳಿಗೆ ಆಗ ಆರು ವರ್ಷ. ನಾನು ಬೆಳಿಗ್ಗೆ ಬೇಗ ಆಫೀಸಿಗೆ ಹೊರಡಬೇಕಿತ್ತು, ನನ್ನ ಗಂಡ ಲೂಯಿಸ್‌ವಿಲ್‌ವರೆಗೆ ಡ್ರೈವ್ ಮಾಡಬೇಕಿತ್ತು. ಮಗುವನ್ನು ಸ್ಕೂಲ್ ಬಸ್ ಬರುವ ತನಕ ಎಲ್ಲಿ ಬಿಡುವುದು ಎಂದು ನಾವು ಮನೆ ಮುಂದೆಯೇ ಜಗಳವಾಡುತ್ತಿದ್ದಾಗ ಆಂಟಿ ಕೇಳಿಸಿಕೊಂಡು, ನಮ್ಮನಿಗೆ ಕಳಸ್ರಿ ಎಂದರು. ಅಷ್ಟೇ. ಅಲ್ಲಿಂದ ಮುಂದೆ ಬೆಳಿಗ್ಗೆ ಒಂದೂವರೆ ಗಂಟೆ ಹೊತ್ತು, ಸಂಜೆ ಮೂರು ಗಂಟೆ ಹೊತ್ತು ಅವಳು ಅವರ ಮನೆಯಲ್ಲಿ. ಅವರಿಗೆ ಒಬ್ಬಳೇ ಮಗಳು, ಮದುವೆಯಾಗಿ ಹೂಸ್ಟನ್‌ನಲ್ಲಿದ್ದಳು. ಮನೆಯಲ್ಲೊಂದು ಮಗು ಓಡಾಡಿದರೆ ಚಲೋ ಎಂದರು.

ನನ್ನ ಮಗಳು ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಊಟ ಮಾಡ್ತೀಯಾ ಪುಟ್ಟ ಎಂದರೆ ನಾಟ್ ನೌ. ಮುದ್ದು ಮಾಡಿ ನೋಡಿದೆ, ಚಾಕೊಲೇಟ್ ಆಸೆ ತೋರಿಸಿದೆ, ಕನ್ನಡದಲ್ಲಿ ಹೇಳುವ ತನಕ ಕೊಡುವುದಿಲ್ಲ ಎಂದು ಹಾಲಿನ ಲೋಟ ಹಿಡಿದು ನಿಂತದ್ದೂ ಉಂಟು. ಅವಳು ಹಾಲು ಬಿಟ್ಟಳು, ಇಂಗ್ಲಿಷ್ ಬಿಡಲಿಲ್ಲ. ಇಲ್ಲಿ ಎಲ್ಲ ಮಕ್ಕಳೂ ಹೀಗೇ ಎಂದು ಗೆಳತಿಯರು ಸಮಾಧಾನ ಹೇಳಿದರು, ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಒಂದು ಶನಿವಾರ ಬೆಳಿಗ್ಗೆ ಮಹಡಿಯ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದೆ. ಕಿಟಕಿ ತೆರೆದಿತ್ತು. ಕೆಳಗೆ ಪಕ್ಕದ ಹಿತ್ತಿಲಿನಿಂದ ಒಂದು ಮಗುವಿನ ದನಿ ಬಂತು.

“ದೊಡ್ಡವ್ವ, ನಾಯಿ ಬಂದೈತ್ರಿ. ಲಗೂನ ಬರ್ರಿ.”

ಯಾರ ಮನೆಯ ಮಗು ಇಷ್ಟು ಚೆನ್ನಾಗಿ ಮಾತಾಡುತ್ತಿದೆ ಎಂದು ಬಗ್ಗಿ ನೋಡಿದೆ. ನನ್ನ ಮಗಳು. ಪೈಜಾಮದಲ್ಲೇ ಅಲ್ಲಿಗೆ ಓಡಿಹೋಗಿದ್ದಳು. ಆಂಟಿ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದರು. ಇಬ್ಬರೂ ಬೇಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪಿಸಪಿಸ ಮಾತಾಡುತ್ತಿದ್ದರು, ಕನ್ನಡದಲ್ಲಿ, ನಿಲ್ಲಿಸದೇ. ನನ್ನನ್ನು ಅವಳು ಮಾಮ್ ಎನ್ನುತ್ತಿದ್ದಳು. ಅವರು ದೊಡ್ಡವ್ವ ಆಗಿದ್ದರು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಆರು ವರ್ಷ ತಲೆ ಚಚ್ಚಿಕೊಂಡರೂ ತೆರೆಯದ ಬಾಯಿ ಅವರಿಗೆ ಆರೇ ತಿಂಗಳಲ್ಲಿ ತೆರೆದಿತ್ತು. ಅದೂ ನನ್ನ ಕನ್ನಡಕ್ಕಲ್ಲ, ಅವರ ಕನ್ನಡಕ್ಕೆ. ಆ ಗಳಿಗೆಯಲ್ಲಿ ನನಗನ್ನಿಸಿದ್ದು ಒಂದೇ, ಈ ಮಗು ನನ್ನ ಕೈತಪ್ಪಿ ಹೋಗುತ್ತಿದೆ. ಅದನ್ನು ತಿರುಗಿ ಪಡೆಯಬೇಕು, ಹೇಗಾದರೂ ಸರಿ.

ಆಮೇಲೆ ಅವರು ಏನನ್ನು ನೋಡುತ್ತಿದ್ದಾರೆ ಎಂದು ನೋಡಿದೆ. ಬೇಲಿಯ ಸರಳುಗಳಾಚೆ ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿ. ಹುಲ್ಲಿನ ಮರೆಯಿಂದ ಅದು ಹೊರಗೆ ಬಂತು. ಬೂದು ಮೈ, ಸಣಕಲು ಕಾಲು, ಮೈಗೆ ಮೀರಿದ ಕಿವಿ. ಎಡಗಿವಿಯ ತುದಿ ಹರಿದಿತ್ತು. ಪೊದೆಯಂಥ ಬಾಲ ಕೆಳಗೆ ಇಳಿಬಿದ್ದಿತ್ತು. ನಾಲ್ಕು ಸಲ ಹಿಂದೆ ಮುಂದೆ ನೋಡಿ, ರೊಟ್ಟಿಯನ್ನು ಗಬಗಬ ತಿಂದು, ತಟ್ಟೆಯನ್ನೂ ನೆಕ್ಕಿ ಹೋಯಿತು.

ನಾಯಿಯಲ್ಲ. ಕಯೋಟಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಡಾವಣೆಯವರ ಆ್ಯಪಿನಲ್ಲಿ ದಿನಾ ಅದರ ಫೋಟೋ, ದಿನಾ ಎಚ್ಚರಿಕೆ. ನಮ್ಮ ಗುಳ್ಳೆನರಿಗೆ ದೂರದ ನೆಂಟ, ಸಣ್ಣ ನಾಯಿ, ಬೆಕ್ಕು, ಮೊಲ, ಕಸದ ಡಬ್ಬಿ ಯಾವುದಕ್ಕೂ ಬೇಡವೆನ್ನದ ಪ್ರಾಣಿ. ಎರಡು ಬೀದಿ ಆಚೆ ಯಾರದ್ದೋ ಬೆಕ್ಕು ಹೋಗಿತ್ತು.

ಆಂಟಿ ಆ್ಯಪ್ ನೋಡುವವರಲ್ಲ. ಮಾರನೇ ದಿನ ಹೀರೆಕಾಯಿ ಕೊಡಲು ಬಂದಾಗ ಅವರೇ ಖುಷಿಯಿಂದ ಹೇಳಿದರು. ಅವರ ಮನೆದೇವರು ಮೈಲಾರಲಿಂಗ. ಅವರ ತವರಿನಲ್ಲಿ ನಾಯಿ ಎಂದರೆ ದೇವರ ಜೊತೆಗಾರ. ಬೆಳಿಗ್ಗೆ ಬಡಿದ ಮೊದಲ ರೊಟ್ಟಿ ಬೀದಿನಾಯಿಗೆ. ಅದು ತಿನ್ನುವ ತನಕ ಮನೆಯಲ್ಲಿ ಒಬ್ಬರೂ ಬಾಯಿಗೆ ತುತ್ತಿಡುತ್ತಿರಲಿಲ್ಲ. ಈ ದೇಶಕ್ಕೆ ಬಂದಮೇಲೆ ಅದು ನಿಂತುಹೋಗಿತ್ತು. ಇಲ್ಲಿ ನಾಯಿಗಳಿವೆ, ಬೀದಿನಾಯಿ ಇಲ್ಲ. ಎಲ್ಲಕ್ಕೂ ಕೊರಳಪಟ್ಟಿ, ಎಲ್ಲಕ್ಕೂ ಒಬ್ಬ ಯಜಮಾನ. ರೊಟ್ಟಿ ತೋರಿಸಿದರೆ ಯಜಮಾನ ಹಗ್ಗ ಎಳೆದುಕೊಂಡು ಹೋಗುತ್ತಾನೆ. ಹನ್ನೊಂದು ವರ್ಷ ದೇವರ ಪಟದ ಮುಂದೆ ರೊಟ್ಟಿ ತೋರಿಸಿ ತಪ್ಪಾಯಿತು ಎಂದು ಕೇಳಿಕೊಂಡು ಉಂಡಿದ್ದರಂತೆ. ಈಗ ಯಾರದೂ ಅಲ್ಲದ ನಾಯಿ, ತಾನಾಗಿ ಹುಡುಕಿಕೊಂಡು ಅವರ ಹಿತ್ತಿಲಿಗೆ ಬಂದಿತ್ತು.

ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಆಗ ಹೇಳಬೇಕಿತ್ತು. ಆಂಟಿ, ಅದು ನಾಯಿಯಲ್ಲ, ಹಾಕಬೇಡಿ ಎನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಹೌದಾ ಆಂಟಿ, ಒಳ್ಳೇದಾಯ್ತು ಎಂದೆ. ಹೀರೆಕಾಯಿ ತೆಗೆದುಕೊಂಡೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರಿಗೆ ಬೇಜಾರಾಗುತ್ತದೆ ಎಂದಲ್ಲ. ಎಲ್ಲದರಲ್ಲೂ ಗೆಲ್ಲುವ ಆ ಹೆಂಗಸು ಕೊನೆಗೂ ಒಂದರಲ್ಲಿ ಬೇಸ್ತು ಬಿದ್ದಿದ್ದರು, ಅದು ಗೊತ್ತಿದ್ದವಳು ನಾನೊಬ್ಬಳೇ. ಆ ಖುಷಿಯನ್ನು ಅಷ್ಟು ಬೇಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನನ್ನ ಮಗಳು ದಿನಾ ಆ ಬೇಲಿಯ ಪಕ್ಕ ಕೂರುತ್ತಾಳೆ ಎಂಬುದೂ ಗೊತ್ತಿತ್ತು. ನಡುವೆ ಬೇಲಿ ಇದೆಯಲ್ಲ ಎಂದುಕೊಂಡೆ. ತಾಯಿಯಾದವಳು ಹಾಗೆ ಅಂದುಕೊಳ್ಳಬಾರದು, ಆದರೆ ನಾನು ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಮಹಡಿಯ ಕಿಟಕಿಯಿಂದ ಫೋನಿನಲ್ಲಿ ಒಂದು ಫೋಟೋ ತೆಗೆದೆ. ಬೇಲಿ, ತಟ್ಟೆ, ತಟ್ಟೆಯಲ್ಲಿ ಮುಖವಿಟ್ಟ ಕಯೋಟಿ. ಗುರುವಾರ ಕ್ಲಬ್‌ಹೌಸಿನಲ್ಲಿ ಮನೆಮಾಲೀಕರ ಸಂಘದ ಸಭೆಯಿತ್ತು, ವಿಷಯ ಕಯೋಟಿಯೇ. ಒಬ್ಬ ಹೆಂಗಸಿನ ಪುಟ್ಟ ನಾಯಿಯನ್ನು ಹಿತ್ತಿಲಿನಿಂದಲೇ ಹೊತ್ತೊಯ್ದಿತ್ತು, ಆಕೆ ಅಳುತ್ತಿದ್ದಳು. ಯಾರೋ ಇವಕ್ಕೆ ಊಟ ಹಾಕುತ್ತಿದ್ದಾರೆ, ಅದಕ್ಕೇ ಇಷ್ಟು ಧೈರ್ಯ ಎಂದು ಅಧ್ಯಕ್ಷರು ಹೇಳಿದರು. ನಾನು ಎದ್ದು ನಿಂತು, ನನ್ನ ಹತ್ತಿರ ಫೋಟೋ ಇದೆ ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಆ ರೂಮಿನ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಫೋಟೋದಲ್ಲಿ ಹೀರೆಬಳ್ಳಿ ನಿಚ್ಚಳವಾಗಿತ್ತು. ಮನೆಗೆ ಬರುವಾಗ ಮೂರು ಜನ ಹೆಗಲು ತಟ್ಟಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಿತವಾಗಿತ್ತು.

ಮುಂದಿನ ವಾರ ಅಂಕಲ್ ಮತ್ತು ಆಂಟಿ ಇಬ್ಬರೂ ನಮ್ಮ ಮನೆಗೆ ಬಂದರು. ಅಂಕಲ್ ಕೈಯಲ್ಲಿ ಸಂಘದ ಪತ್ರ. ಅಂಗಡಿಯ ಕಾಗದಪತ್ರ ನೋಡಿಕೊಳ್ಳುವ ಮನುಷ್ಯನಿಗೆ ಪತ್ರ ಓದಲು ಬರುತ್ತಿರಲಿಲ್ಲ ಎಂದಲ್ಲ. ಓದಿದ್ದನ್ನು ನಂಬಲು ಆಗಿರಲಿಲ್ಲ. ನೀವು ಓದಿದವರು, ಇದರಾಗ ಏನ್ ಬರದಾರ ಸ್ವಲ್ಪ ಬಿಡಿಸಿ ಹೇಳ್ರಿ ಎಂದರು. ನನ್ನ ಸೋಫಾದ ಮೇಲೆ ಅವರನ್ನು ಕೂರಿಸಿ, ಚಹಾ ಕೊಟ್ಟು, ನನ್ನಿಂದಲೇ ಹುಟ್ಟಿದ ಆ ಪತ್ರವನ್ನು ಮೊದಲ ಸಲ ನೋಡುವವಳ ಹಾಗೆ ಓದಿ, ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಕಾಡುಪ್ರಾಣಿಗೆ ಆಹಾರ ಹಾಕಿದ್ದೀರಿ, ನೆರೆಯವರ ಜೀವಕ್ಕೆ ಅಪಾಯ ತಂದಿದ್ದೀರಿ, ಇನ್ನೊಮ್ಮೆ ಹೀಗಾದರೆ ಕ್ರಮ ತೆಗೆದುಕೊಳ್ಳುತ್ತೇವೆ. ಕೆಳಗೆ ನಾನು ತೆಗೆದ ಫೋಟೋ.

ಆಂಟಿ ಬಹಳ ಹೊತ್ತು ಫೋಟೋ ನೋಡಿದರು.

“ಹಂಗಾರ ಅದು ನಾಯಿ ಅಲ್ಲೇನ್ರಿ?”

ಅಲ್ಲ ಆಂಟಿ, ಕಯೋಟಿ, ನರಿ ಜಾತಿಯದು ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆ ಮಗುನ್ನ ಬಾಜೂಕ ಕುಂದರಿಸಿಕೊಂಡು ಹಾಕ್ತಿದ್ದೆನಲ್ರಿ ಎಂದು ಮೆಲ್ಲಗೆ ಅಂದರು. ತಮಗೆ ಬಂದ ಪತ್ರಕ್ಕಿಂತ ಅವರಿಗೆ ಅದೇ ದೊಡ್ಡದಾಗಿತ್ತು, ನನ್ನ ಮಗುವಿಗೆ ಏನಾದರೂ ಆಗಿದ್ದರೆ ಎನ್ನುವುದು. ಹೊರಡುವಾಗ ಬಾಗಿಲಲ್ಲಿ ನಿಂತು ತಿರುಗಿದರು.

“ನಿಮಗ ಗೊತ್ತಿತ್ತೇನ್ರಿ?”

“ಇಲ್ಲ ಆಂಟಿ. ನಾನೂ ನಾಯಿ ಅಂತಲೇ ಅಂದ್ಕೊಂಡಿದ್ದೆ.”

ಅವರು ತಲೆಯಾಡಿಸಿ ಹೋದರು. ನಂಬಿದರೋ ಇಲ್ಲವೋ... ಆ ಫೋಟೋ ಯಾವ ಎತ್ತರದಿಂದ, ಯಾವ ಕಡೆಯಿಂದ ತೆಗೆದದ್ದು ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಅವರು ದಡ್ಡರಲ್ಲ. ಆದರೆ ಮತ್ತೆ ಯಾವತ್ತೂ ಕೇಳಲಿಲ್ಲ.

ಮಗಳನ್ನು ನಾನು ಸ್ಕೂಲಿನಲ್ಲೇ ಸಂಜೆ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್‌ಕೇರ್‌ಗೆ ಸೇರಿಸಿದೆ. ಬೆಳಗಿನ ಹೊತ್ತಿಗೆ ಆಫೀಸಿನ ಟೈಮ್ ಬದಲಾಯಿಸಿಕೊಂಡೆ. ಎರಡು ವರ್ಷದಿಂದ ಆಗದ ಕೆಲಸ ಎರಡು ದಿನದಲ್ಲಿ ಆಯಿತು. ನೆಪ ಸಿದ್ಧವಿತ್ತು, ಹಿತ್ತಿಲಿನಲ್ಲಿ ಕಯೋಟಿ. ಮಗಳು ಅತ್ತಳು, ಊಟ ಬಿಟ್ಟಳು. ನಾಲ್ಕು ದಿನ ಅಳುತ್ತಾಳೆ, ಆಮೇಲೆ ಸರಿಹೋಗುತ್ತಾಳೆ ಎಂದು ಗಂಡನಿಗೆ ಹೇಳಿದೆ.

ಆ ಹೊತ್ತಿಗೆ ಸಂಘದವರು ಕಯೋಟಿ ಹಿಡಿಯುವವನನ್ನು ಕರೆಸಿದ್ದರು. ದೂಳು ಮೆತ್ತಿದ ಪಿಕಪ್, ಅಂಚು ಸವೆದ ಹ್ಯಾಟು, ನಿಧಾನದ ಮಾತು. ಫೋಟೋ ಕೊಟ್ಟವಳು ನಾನಾದ್ದರಿಂದ ಜಾಗ ತೋರಿಸಲು ನನ್ನನ್ನೇ ಕರೆದ. ಅವನು ಬೋನುಗಳನ್ನು ಇಡುವುದನ್ನು ನೋಡುತ್ತ, ಇನ್ನು ಇವುಗಳ ಕಾಟ ಮುಗಿಯುತ್ತದೆ ಅಲ್ಲವೇ ಎಂದು ಕೇಳಿದೆ. ಅವನು ನಕ್ಕ. ಅವನ ಅಪ್ಪನೂ ಇದೇ ಕೆಲಸ ಮಾಡಿದ್ದನಂತೆ, ಆಸ್ಟಿನ್‌ನ ಪಶ್ಚಿಮಕ್ಕೆ ಕುರಿ ಸಾಕುವ ದೊಡ್ಡ ರಾಂಚುಗಳಲ್ಲಿ. ವಿಷ ಇಟ್ಟರು, ಗುಂಡು ಹೊಡೆದರು, ಹೆಲಿಕಾಪ್ಟರಿನಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದರು. ನಮ್ಮಪ್ಪ ಗೆದ್ದಿದ್ದರೆ ನನಗೆ ಈ ಕೆಲಸವೇ ಇರುತ್ತಿರಲಿಲ್ಲ ಎಂದ. ಗುಂಪಿನಲ್ಲಿ ಹಿರಿಯದೊಂದನ್ನು ತೆಗೆದರೆ ಉಳಿದವು ಮುಂದಿನ ವಸಂತದಲ್ಲಿ ಹೆಚ್ಚು ಮರಿ ಹಾಕುತ್ತವೆ. ಖಾಲಿಯಾದ ಜಾಗಕ್ಕೆ ಇನ್ಯಾವುದೋ ಬಂದು ಸೇರುತ್ತದೆ. ಊರು ಬೆಳೆದಷ್ಟೂ ಇವಕ್ಕೆ ಅನುಕೂಲ. ಇಲಿ, ಮೊಲ, ನೀರು, ಕಸ, ಬಂದೂಕು ಹಾರಿಸಬಾರದೆಂಬ ನಿಯಮ, ಎಲ್ಲವನ್ನೂ ನಾವೇ ಒದಗಿಸಿದ್ದೇವೆ. ಹಾಗಾದರೆ ಯಾಕೆ ಹಿಡಿಯುತ್ತೀರಿ ಎಂದೆ. ಜನ ಕರೆಯುತ್ತಾರೆ, ಬರುತ್ತೇನೆ ಎಂದ. ನಿಜವಾಗಿ ಬೇಕಾದದ್ದು ಎರಡೇ, ಹೊರಗೆ ಊಟ ಇಡಬೇಡಿ, ಕಂಡಾಗ ಸದ್ದು ಮಾಡಿ ಓಡಿಸಿ. ಮನುಷ್ಯರ ಭಯ ಉಳಿದರೆ ಅವೂ ಉಳಿಯುತ್ತವೆ, ನೀವೂ ಉಳಿಯುತ್ತೀರಿ.

ಈ ಮಾತನ್ನು ಸಂಘಕ್ಕೆ ಹೇಳಲಿಲ್ಲ. ಆಂಟಿಗೆ ಮಾತ್ರ ಹೇಳಿದೆ, ಸ್ವಲ್ಪ ಚುಚ್ಚಿಯೇ ಹೇಳಿದೆ. ಊಟ ಹಾಕಬಾರದಂತೆ ಆಂಟಿ, ಓಡಿಸಬೇಕಂತೆ, ಇಲ್ಲಿಗೆ ಬಂದರೆ ಬೋನಿಗೆ ಬಿದ್ದು ಸಾಯುತ್ತದಂತೆ.

ಮಾರನೇ ಬೆಳಿಗ್ಗೆಯಿಂದ ಗಲಗಲ ಶುರುವಾಯಿತು. ಆಂಟಿ ಖಾಲಿಯಾದ ಇಂಗಿನ ಡಬ್ಬಿಗೆ ತೊರೆಯ ಕಲ್ಲು ತುಂಬಿ, ಬೇಲಿಗೆ ಬಂದು, ಹುಲ್ಲಿನ ಕಡೆ ತಿರುಗಿ ಆಡಿಸುತ್ತಿದ್ದರು. ಹೋಗ, ಹೋಗ, ಈ ಕಡೆ ಬರಬ್ಯಾಡ ಎಂದು ಕೂಗುತ್ತಿದ್ದರು. ಅದು ಹುಲ್ಲಿನಲ್ಲಿ ಎದ್ದು ನಿಂತು, ಹರಿದ ಕಿವಿ ಅಲ್ಲಾಡಿಸಿ, ರೊಟ್ಟಿ ಎಲ್ಲಿ ಎಂಬಂತೆ ನೋಡುತ್ತಿತ್ತು. ಅವರು ಇನ್ನೂ ಜೋರಾಗಿ ಆಡಿಸುತ್ತಿದ್ದರು. ಅದು ಓಡಿಹೋದ ಮೇಲೆ ಒಳಗೆ ಹೋಗಿ ಉಣ್ಣುತ್ತಿದ್ದರು, ಅದಕ್ಕೆ ಮೊದಲು ಇಲ್ಲ. ಉಣ್ಣಾಕ ಹಾಕೂದು ಆಗಲಿಲ್ಲ, ಜೀವಾರ ಉಳೀಲಿ ಎಂದು ಅಂಕಲ್‌ಗೆ ಹೇಳಿದ್ದರಂತೆ. ನಾನು ನಿಲ್ಲಿಸಿದೆ ಎಂದುಕೊಂಡ ವ್ರತ ನಿಂತಿರಲಿಲ್ಲ.

ಅದೂ ಸಾಲದೆಂದು ಇನ್ನೊಂದು ಡಬ್ಬಿ ನನ್ನ ಮಗಳ ಕೈಗೆ ಬಂತು. ಬೇಲಿಯ ಸಂದಿನಿಂದ ಕೊಟ್ಟಿದ್ದರು. ಬೆಳಿಗ್ಗೆ ಆ ಕಡೆ ಅವರು, ಈ ಕಡೆ ಇವಳು, ಇಬ್ಬರೂ ಡಬ್ಬಿ ಆಡಿಸುತ್ತ, ಹೋಗ, ಹೋಗ ಎಂದು ಒಂದೇ ರಾಗದಲ್ಲಿ ಕೂಗುವುದು. ಸ್ಕೂಲಿಗೆ ಹೊರಡುವ ಮುಂಚೆ ಅವಳಿಗೆ ಬೇರೆ ಯಾವುದೂ ಬೇಡ. ನಾನು ಕಾಫಿ ಕುಡಿಯುತ್ತ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಇಷ್ಟೆಲ್ಲ ಮಾಡಿದ ಮೇಲೂ ಅವರಿಬ್ಬರೂ ಒಂದು ಕಡೆ, ನಾನೊಬ್ಬಳೇ ಒಳಗೆ.

ಹತ್ತು ದಿನ ತಡೆದುಕೊಂಡೆ. ಆಮೇಲೆ ಒಂದು ಸಂಜೆ ಆ ಡಬ್ಬಿಯನ್ನು ತೆಗೆದು, ಸದ್ದು ಬರದಂತೆ ಮುಚ್ಚಳಕ್ಕೆ ಟೇಪು ಸುತ್ತಿ, ಕ್ಲೋಸೆಟ್ಟಿನ ಮೇಲಿನ ಪೆಟ್ಟಿಗೆಯಲ್ಲಿ ಹಾಕಿದೆ. ಎಲ್ಲೋ ಕಳೆದುಕೊಂಡಿದ್ದೀಯ, ಹುಡುಕು ಎಂದೆ. ಅವಳು ಎರಡು ದಿನ ಹುಡುಕಿದಳು.

ಆ ಭಾನುವಾರ ಹರಿದ ಕಿವಿಯ ಕಯೋಟಿ ಬೋನಿಗೆ ಬಿತ್ತು. ಆಂಟಿಯ ಬೇಲಿಯ ಹಿಂದೆ ಅಲ್ಲ, ನಮ್ಮ ಬೇಲಿಯ ಹಿಂದೆ. ಆ ಕಡೆ ಸದ್ದಿತ್ತು, ಈ ಕಡೆ ಇರಲಿಲ್ಲ. ಹ್ಯಾಟಿನವನು ಬೋನಿಗೆ ಟಾರ್ಪಾಲು ಮುಚ್ಚಿ ಪಿಕಪ್ಪಿಗೆ ಏರಿಸಿದ. ಹೆಣ್ಣು, ಇದೇ ಗುಂಪಿನ ಹಿರಿಯದು ಎಂದ. ಆ ದಿನ ಆಂಟಿಯ ಮನೆಯಲ್ಲಿ ಒಲೆ ಹಚ್ಚಲಿಲ್ಲ ಎಂದು ಆಮೇಲೆ ಅಂಕಲ್ ಹೇಳಿದರು. ಆಂಟಿ ತಲೆಗೆ ನೀರು ಹಾಕಿಕೊಂಡು, ದೇವರ ಪಟದ ಮುಂದೆ ಕೂತುಬಿಟ್ಟಿದ್ದರಂತೆ. ನನ್ನ ಗಂಡ ಇದನ್ನು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಜನವರಿಯಲ್ಲಿ ಅವರು ಹೂಸ್ಟನ್‌ಗೆ ಶಿಫ್ಟ್ ಆದರು. ಅವರ ಮಗಳಿಗೆ ಹೆರಿಗೆ ಹತ್ತಿರವಿತ್ತು, ಅಂಕಲ್ ಅಲ್ಲೇ ಇನ್ನೊಂದು ಅಂಗಡಿ ನೋಡಿದ್ದರು. ಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಹೊರಡುವ ದಿನ ಆಂಟಿ ನನ್ನ ಮಗಳನ್ನು ಎತ್ತಿಕೊಳ್ಳಲು ಹೋಗಿ, ಎಷ್ಟು ದೊಡ್ಡಾಕಿ ಆಗೀಯ ಎಂದು ಇಳಿಸಿದರು. ನನಗೆ ಗುರೆಳ್ಳು ಪುಡಿಯ ಒಂದು ಬಾಟಲಿ ಕೊಟ್ಟರು.

ಏಪ್ರಿಲ್ ಕಳೆದು ಹುಲ್ಲು ಮತ್ತೆ ಎತ್ತರವಾದಾಗ ತೊರೆಯ ಅಂಚಿನಲ್ಲಿ ಕಯೋಟಿ ಮರಿಗಳು ಕಂಡವು. ಒಂದೊಂದೇ ಹೊರಗೆ ಬಂದು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಮೊದಲು ಒಂದು ಕಾಣುತ್ತಿದ್ದ ಕಡೆ ಈಗ ಲೆಕ್ಕ ತಪ್ಪುತ್ತಿತ್ತು. ಸಂಘದವರು ಮತ್ತೆ ಹ್ಯಾಟಿನವನನ್ನು ಕರೆಸಿದರು, ಅವನು ಮತ್ತೆ ಬಂದ. ಆಂಟಿಯ ಮನೆ ಕೊಂಡವರು ಹೀರೆಬಳ್ಳಿಯ ಜಾಗಕ್ಕೆ ಕಲ್ಲು ಹಾಸಿದ್ದರು.

ಮತ್ತು ನನ್ನ ಮಗಳು ನನ್ನವಳಾದಳು, ಇಂಗ್ಲಿಷಿನಲ್ಲಿ. ಒಂದು ಕನ್ನಡದ ಪದವೂ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಹಟವೋ, ಮರೆವೋ ಗೊತ್ತಿಲ್ಲ. ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಿದೆ, ಅಕ್ಷರ ಕಲಿತಳು, ಹಬ್ಬದ ಸ್ಟೇಜಿನ ಮೇಲೆ ನಾಲ್ಕು ಸಾಲು ಒಪ್ಪಿಸಿದಳು, ಕೆಳಗಿಳಿದ ಕೂಡಲೇ ಇಂಗ್ಲಿಷ್. ಹೂಸ್ಟನ್‌ನಿಂದ ಆಂಟಿ ಫೋನ್ ಮಾಡುತ್ತಿದ್ದರು. ಅವಳಿಗೆ ಈಜು ಕ್ಲಾಸು, ಅವಳಿಗೆ ಹೋಮ್‌ವರ್ಕು, ಅವಳು ಮಲಗಿದ್ದಾಳೆ ಎನ್ನುತ್ತಿದ್ದೆ. ಸ್ವಲ್ಪ ದಿನಕ್ಕೆ ಫೋನು ನಿಂತಿತು. ನಾವು ಸೀಡರ್ ಪಾರ್ಕಿಗೆ ಬಂದೆವು. ಇಲ್ಲಿಂದ ಹೂಸ್ಟನ್ ಮೂರು ಗಂಟೆಯ ಡ್ರೈವ್. ಎಂಟು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ.

ಹೋದ ಸಂಕ್ರಾಂತಿಯ ಕಾರ್ಯಕ್ರಮದಲ್ಲಿ, ಎಳ್ಳುಬೆಲ್ಲ ಹಂಚುತ್ತ ಯಾರೋ ಹೂಸ್ಟನ್‌ನವರು ಮಾತಿನ ನಡುವೆ ಹೇಳಿದರು. ಆ ಅಂಗಡಿಯ ಆಂಟಿ ತೀರಿಕೊಂಡು ಆರು ತಿಂಗಳಾಯಿತಂತೆ, ನಿಮಗೆ ಪರಿಚಯವಿತ್ತಾ ಎಂದರು. ಹಿಂದೊಮ್ಮೆ ಪಕ್ಕದಲ್ಲಿದ್ದೆವು ಎಂದೆ. ನಮಗೆ ಹೇಳಿಕಳಿಸಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ನಾವು ಅವರಿಗೆ ಏನಾಗಬೇಕಿತ್ತು? ಮನೆಗೆ ಬಂದು ಮಗಳಿಗೆ ಹೇಳಲಿಲ್ಲ. ಹೇಳದೇ ಇಟ್ಟುಕೊಳ್ಳುವುದು ನನಗೆ ಮೊದಲಿಂದಲೂ ಸಲೀಸು.

ಈ ಭಾನುವಾರ ಬೆಳಿಗ್ಗೆ, ನಮ್ಮ ಇಲ್ಲಿನ ಹಿತ್ತಿಲಿನಾಚೆ, ಸೀಡರ್ ಮರಗಳ ಸಂದಿನಲ್ಲಿ ಒಂದು ಕಯೋಟಿ ಎರಡು ಮರಿಗಳನ್ನು ಹಿಂದಿಟ್ಟುಕೊಂಡು ಹೊರಟಿತ್ತು. ಹಾಡುಹಗಲು, ಯಾರ ಹೆದರಿಕೆಯೂ ಇಲ್ಲ. ಇಲ್ಲಿಯ ಸಂಘದಿಂದಲೂ ಈಮೇಲ್ ಬಂದಾಗಿದೆ. ಮಗಳು ಗಾಜಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಈಗ ನನಗಿಂತ ಎತ್ತರ, ಬರುವ ತಿಂಗಳು ಕಾಲೇಜಿಗೆ ಹೊರಡುತ್ತಾಳೆ. ಕಾಲೇಜಿಗೆ ಹೋಗುವ ಮುಂಚೆ ಹೂಸ್ಟನ್‌ಗೆ ಹೋಗಿ ಅವರನ್ನು ನೋಡಿಕೊಂಡು ಬರೋಣವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಾರನ್ನು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವರಿಲ್ಲ ಎಂದು ಹೇಳಿದೆ. ಯಾವಾಗ ಎಂದಳು. ಅದನ್ನೂ ಹೇಳಿದೆ. ಕಯೋಟಿ ಮರಿಗಳೊಂದಿಗೆ ಮರೆಯಾದ ಮೇಲೆ, ಅವರು ನಿಜವಾಗಿಯೂ ಅದನ್ನು ನಾಯಿ ಎಂದೇ ನಂಬಿದ್ದರು, ನಿನಗೂ ಹಾಗೇ ಅನ್ನಿಸಿತ್ತಾ ಎಂದು ಕೇಳಿದಳು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಹನ್ನೊಂದು ವರ್ಷದಿಂದ ಆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಯಾಕೋ ಬರಲಿಲ್ಲ. ಇಲ್ಲ, ನನಗೆ ಮೊದಲ ದಿನವೇ ಗೊತ್ತಿತ್ತು ಎಂದೆ. ಫೋಟೋದ ವಿಷಯವನ್ನೂ ಹೇಳಿದೆ.

ಅವಳು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ಮತ್ತ ಯಾಕ ಹೇಳಲಿಲ್ರಿ?”

ಅವಳ ಬಾಯಿಂದ ನನಗಾಗಿ ಒಂದು ಕನ್ನಡದ ಮಾತು ಬರಲಿ ಎಂದು ಹದಿನೇಳು ವರ್ಷ ಕಾದಿದ್ದೆ. ಬಂದದ್ದು ಇದು. ದನಿಯ ಏರಿಳಿತ ಸಮೇತ ಅವರದೇ. ಉತ್ತರ ಹುಡುಕುವ ಮೊದಲು, ಆ ಗಳಿಗೆಯಲ್ಲೂ, ತೀರಿಹೋದ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.